ಟನ್ನಿಗೆ ಇಪ್ಪತ್ತೇಳು ರೂಪಾಯಿ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಬಂಡ್ರಿಯ ಬಸ್ ಸ್ಟ್ಯಾಂಡಿನ ಹೋಟೆಲುಗಳಲ್ಲಿ ನಾರ್ವೆ ಗೆದ್ದು ಎಷ್ಟೋ ವರ್ಷಗಳಾದವು. ನೈಜೀರಿಯಾ ಅಲ್ಲಿ ಇದುವರೆಗೆ ಒಮ್ಮೆಯೂ ಗೆದ್ದಿಲ್ಲ. ಒಗ್ಗರಣೆ-ಮಿರ್ಚಿ ಬರುವಷ್ಟರಲ್ಲಿ ಯಾರಾದರೊಬ್ಬರು ಮೊಬೈಲ್ ತೆಗೆದು ಎರಡೂ ದೇಶಗಳನ್ನು ಅಕ್ಕಪಕ್ಕ ನಿಲ್ಲಿಸುತ್ತಾರೆ. ನಾರ್ವೆಯವನ ತಲಾ ಆದಾಯ ವರ್ಷಕ್ಕೆ 80 ಸಾವಿರ ಡಾಲರಿಗೂ ಮೇಲೆ, ನೈಜೀರಿಯಾದವನದು ಎರಡು ಸಾವಿರವೂ ಇಲ್ಲ. ನಾರ್ವೆಯಲ್ಲಿ ಹುಟ್ಟಿದವನು 83 ವರ್ಷ ಬದುಕಬಹುದು, ನೈಜೀರಿಯಾದಲ್ಲಿ ಹುಟ್ಟಿದವನಿಗೆ 54-55. ಐವತ್ತೈದು ಲಕ್ಷ ಜನರ ನಾರ್ವೆಯ ಒಟ್ಟು ಉತ್ಪನ್ನ, ಇಪ್ಪತ್ತು ಕೋಟಿ ದಾಟಿದ ನೈಜೀರಿಯಾದ್ದಕ್ಕಿಂತ ದೊಡ್ಡದು.

"ಎರಡೂ ಕಡೆ ಎಣ್ಣಿ ಸಿಕ್ಕೈತಿ ನೋಡಪಾ. ಅವ್ರು ಹೆಂಗಾದ್ರು, ಇವ್ರು ಹೆಂಗಾದ್ರು!"

"ಎಣ್ಣಿ ಸಿಕ್ರ ಸಾಕಾ ಅಣ್ಣಾ? ಬುದ್ಧಿ ಬೇಕು. ಆಫ್ರಿಕಾದವ್ರು ಇರೋದ ಹಂಗ."

ಅಲ್ಲಿಗೆ ತೀರ್ಪು ಮುಗಿಯಿತು, ಚಹ ಬಂತು. ತೀರ್ಪು ಕೊಟ್ಟ ದೇಶ ಯಾವ ಸ್ಥಾನದಲ್ಲಿದೆ ಎಂದು ಯಾರೂ ಕೆಳಗೆ ಸರಿಸಿ ನೋಡುವುದಿಲ್ಲ. ವಿಶ್ವಸಂಸ್ಥೆಯ 2023-24ರ ಮಾನವ ಅಭಿವೃದ್ಧಿ ವರದಿಯಲ್ಲಿ 193 ದೇಶಗಳ ಪೈಕಿ ನಾರ್ವೆ 2ನೆಯದು, ನೈಜೀರಿಯಾ 161ನೆಯದು. ಭಾರತ 134. ಬೋಟ್ಸ್‌ವಾನ ಎಂಬ ಆಫ್ರಿಕಾದ ದೇಶ ನಮಗಿಂತ ಮೇಲಿದೆ. ಅದಕ್ಕೆ ಸ್ವಾತಂತ್ರ್ಯ ಬಂದದ್ದು 1966ರಲ್ಲಿ, ಮರುವರ್ಷವೇ ನೆಲದಲ್ಲಿ ವಜ್ರ ಕಂಡಿತು. ಮುಂದೆ ಆ ಸರ್ಕಾರ ವಜ್ರದ ಕಂಪನಿಯಲ್ಲಿ ಅರ್ಧ ಪಾಲು ಕೇಳಿ ಪಡೆದು ಕೂತಿತು. ಆಫ್ರಿಕಾದವರು 'ಇರೋದೇ ಹಂಗೆ' ಎಂಬ ಸಿದ್ಧಾಂತಕ್ಕೆ ಇದು ಅಡ್ಡಿ. ಆದ್ದರಿಂದ ಬೋಟ್ಸ್‌ವಾನವನ್ನು ಯಾರೂ ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ.

ಯುರೋಪಿನ ಬುದ್ಧಿಯ ಬಗ್ಗೆಯೂ ಒಂದು ತಕರಾರಿದೆ. ನಾರ್ವೆಯ ಕಡಲಲ್ಲಿ ಎಕೊಫಿಸ್ಕ್ ಎಂಬ ತೈಲ ನಿಕ್ಷೇಪ ಸಿಕ್ಕಿದ್ದು 1969ರ ಕೊನೆಗೆ. ಅದರ ಹಿಂದಿನ ವರ್ಷವೇ ಇರಾಕಿನ ಬಸ್ರಾದ ಭೂವಿಜ್ಞಾನಿ ಫಾರೂಕ್ ಅಲ್ ಕಾಸಿಂ, ನಾರ್ವೆಯವಳಾದ ಹೆಂಡತಿ ಮತ್ತು ಕಾಯಿಲೆಯ ಮಗನೊಂದಿಗೆ ಓಸ್ಲೊಗೆ ಬಂದಿಳಿದಿದ್ದ. ಕೆಲಸ ಕೇಳಲು ಸರ್ಕಾರಿ ಕಚೇರಿಗೆ ಹೋದರೆ, ತೈಲದ ಲೆಕ್ಕ ಓದಬಲ್ಲವರು ಅಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ. ಕೊನೆಗೆ ಆ ದೇಶದ ತೈಲ ನೀತಿಗೆ ಅಡಿಪಾಯ ಹಾಕಿದವರಲ್ಲಿ ಈ ಬಸ್ರಾದವನೂ ಒಬ್ಬ. ಕೊಟ್ಟ ಬುದ್ಧಿಯನ್ನು ಅವರು ಇಸಿದುಕೊಂಡರು ಅನ್ನಿ, ಅದೂ ಸಣ್ಣ ಮಾತಲ್ಲ.

ಆ ನೀತಿಯ ತಿರುಳು ಒಂದು ಅಂಕಿಯಲ್ಲಿದೆ: 78. ನಾರ್ವೆಯಲ್ಲಿ ತೈಲ ಕಂಪನಿ ಗಳಿಸಿದ ಲಾಭದಲ್ಲಿ ಶೇಕಡಾ 78ರಷ್ಟನ್ನು ಸರ್ಕಾರ ತೆರಿಗೆಯಾಗಿ ಎತ್ತಿಕೊಳ್ಳುತ್ತದೆ. ಕಂಪನಿಗಳು ಓಡಿಹೋಗಲಿಲ್ಲ. ಉಳಿದ 22ರಲ್ಲೇ ಕೊಬ್ಬಿ, ಇವತ್ತಿಗೂ ಅಲ್ಲೇ ಇವೆ.

ನಮ್ಮ ಅಂಕಿಗೆ ಬರೋಣ. ಸಂಡೂರಿನ ಗುಡ್ಡಗಳಲ್ಲಿ ಇರುವುದು ದೇಶದ ಅತ್ಯುತ್ತಮ ದರ್ಜೆಯ ಕಬ್ಬಿಣದ ಅದಿರುಗಳಲ್ಲೊಂದು. 2008ರ ಬೀಜಿಂಗ್ ಒಲಿಂಪಿಕ್ಸಿನ ಹೊತ್ತಿಗೆ ಚೀನಾದ ಬಂದರಿನಲ್ಲಿ ಅದಿರಿನ ಬೆಲೆ ಟನ್ನಿಗೆ ನೂರು ಡಾಲರ್ ದಾಟಿ ಹಾರುತ್ತಿತ್ತು. ಆಗ ಈ ನೆಲದ ಒಡೆಯರಾದ ನಮಗೆ ಸಿಗುತ್ತಿದ್ದ ರಾಯಲ್ಟಿ, ಅತ್ಯುತ್ತಮ ಗಟ್ಟಿ ಅದಿರಿಗೆ ಟನ್ನಿಗೆ 27 ರೂಪಾಯಿ. ಪುಡಿ ಅದಿರಾದರೆ ಇನ್ನೂ ಕಡಿಮೆ. ಕೆಳದರ್ಜೆಯದಕ್ಕೆ ಹತ್ತು ರೂಪಾಯಿಯೂ ಇಲ್ಲ. ಚೀನಾ ಹೆಚ್ಚಾಗಿ ಕೊಂಡದ್ದು ಪುಡಿಯನ್ನೇ. ಕೋಟ್ಯಂತರ ವರ್ಷ ಭೂಮಿತಾಯಿ ಬೇಯಿಸಿದ ಒಂದು ಟನ್ ಗುಡ್ಡಕ್ಕೆ, ಇಬ್ಬರು ಕೂತು ಒಗ್ಗರಣೆ-ಮಿರ್ಚಿ ತಿಂದು ಏಳುವ ದುಡ್ಡು! ಇದು ಕದ್ದ ಅದಿರಿನ ಲೆಕ್ಕವಲ್ಲ, ಸ್ವಾಮಿ. ಸೀಲು ಸಹಿ ಬಿದ್ದ, ಪರ್ಮಿಟ್ ಇದ್ದ, ದೇವರು ಮೆಚ್ಚುವಂಥ ಕಾನೂನುಬದ್ಧ ಅದಿರಿನದು. ಮಾರಾಟದ ಬೆಲೆಯ ಶೇಕಡಾ 10 ಎಂದು ದರ ಬದಲಾದದ್ದು 2009ರ ಆಗಸ್ಟಿನಲ್ಲಿ, ಒಲಿಂಪಿಕ್ಸ್ ಮುಗಿದು ವರ್ಷವಾದ ಮೇಲೆ. ಅದು 15 ಆದದ್ದು 2014ರಲ್ಲಿ.

ಕದ್ದದ್ದರ ಲೆಕ್ಕ ಬೇರೆಯೇ ಇದೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಹೇಳಿದ ನಷ್ಟ 16,085 ಕೋಟಿ ರೂಪಾಯಿ. ಬೇಲೆಕೇರಿ ಬಂದರಿನಲ್ಲಿ ಸರ್ಕಾರವೇ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ತಾನಾಗಿ ಎದ್ದು ಹಡಗು ಹತ್ತಿತ್ತು. ಅದಿರಿಗೆ ಕಾಲು ಬಂದದ್ದು ಜಗತ್ತಿನಲ್ಲಿ ಅದೇ ಮೊದಲು. ಈ ಭಾಗ ಎಲ್ಲರಿಗೂ ಬಾಯಿಪಾಠವಾಗಿದೆ, ಮತ್ತೆ ಹೇಳಿ ಕಾಗದ ಹಾಳು ಮಾಡುವುದಿಲ್ಲ. ನನ್ನ ಅಸೂಯೆಯೆಲ್ಲ ಆ 27 ರೂಪಾಯಿ ನಿಗದಿ ಮಾಡಿದ ಕೈಯ ಮೇಲೆ. ಕಳ್ಳತನಕ್ಕೆ ಧೈರ್ಯ ಬೇಕು, ರಾತ್ರಿ ಬೇಕು, ಲಾರಿ ಬೇಕು. ಇದಕ್ಕೆ ಒಂದು ಪೆನ್ನು ಸಾಕಾಯಿತು.

ಇನ್ನು ನೈಜೀರಿಯಾದಲ್ಲಿ ಮಾರಾಟಕ್ಕೆ ಸಾಕಾಗುವಷ್ಟು ತೈಲ ಮೊದಲು ಸಿಕ್ಕಿದ್ದು ಓಲೊಯಿಬಿರಿ ಎಂಬ ಹಳ್ಳಿಯಲ್ಲಿ, 1956ರಲ್ಲಿ. ಕೊರೆದದ್ದು ಯುರೋಪಿನ ಶೆಲ್ ಕಂಪನಿ, ಆಳುತ್ತಿದ್ದದ್ದು ಯುರೋಪಿನ ಬ್ರಿಟನ್. ಎರಡೇ ದಶಕದಲ್ಲಿ ಬಾವಿಗಳು ಬತ್ತಿದವು, ಕಂಪನಿ ಮುಂದಿನೂರಿಗೆ ಹೋಯಿತು. ಈಗ ಅಲ್ಲಿ ಇರುವುದು 'ಬಾವಿ ಸಂಖ್ಯೆ 1, ಆಳ 12,008 ಅಡಿ' ಎಂಬ ಬೋರ್ಡು. ನೈಜೀರಿಯಾದ ಸೇನಾಡಳಿತಗಾರ ಸಾನಿ ಅಬಾಚ ದೋಚಿದ ದುಡ್ಡು ಎಲ್ಲಿ ಸಿಕ್ಕಿತು? ಅವನು 1998ರಲ್ಲಿ ಸತ್ತ ಮೇಲೆ ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ. ಕೋಟಿಗಟ್ಟಲೆ ಡಾಲರು ವರ್ಷಾನುಗಟ್ಟಲೆ ಕಂತು ಕಂತಾಗಿ ವಾಪಸು ಹೋಯಿತು. ಕಳ್ಳ ಆಫ್ರಿಕಾದವನು, ತಿಜೋರಿ ಯುರೋಪಿನದು. ಜೀವನಮಟ್ಟದ ಹೋಲಿಕೆಯಲ್ಲಿ ಕಳ್ಳನಿಗೆ ಕೊನೆಯ ಸ್ಥಾನ, ತಿಜೋರಿಗೆ ಮೊದಲನೆಯದು.

ಹೋಟೆಲಿನ ಪಂಚಾಯ್ತಿಗೆ ಇದನ್ನೆಲ್ಲ ಒಪ್ಪಿಸಿದರೆ ಒಂದು ಉತ್ತರ ತಯಾರಿದೆ: "ನಮ್ಮ ಜಿಲ್ಲೆ ಹಂಗಿಲ್ಲ ಬಿಡ್ರಿ ಸಾರ್, ತೋರಣಗಲ್ಲಿನ್ಯಾಗ ಫ್ಯಾಕ್ಟರಿ ಐತಿ." ಐತಿ, ನಿಜ. ವರ್ಷಕ್ಕೆ ಕೋಟಿ ಟನ್ನಿಗೂ ಹೆಚ್ಚು ಉಕ್ಕು ಅಲ್ಲಿ ಹೊರಬರುತ್ತದೆ. ಅದರ ಮೌಲ್ಯವೆಲ್ಲ ಜಿಲ್ಲೆಯ ಉತ್ಪನ್ನದ ಲೆಕ್ಕಕ್ಕೆ ಸೇರಿ, ಆಮೇಲೆ ಜನಸಂಖ್ಯೆಯಿಂದ ಭಾಗವಾಗಿ, ಬಂಡ್ರಿಯ ಮೆಕ್ಕೆಜೋಳದ ಹೊಲದಲ್ಲಿ ಕಳೆ ಕೀಳುತ್ತಿರುವ ಹೆಣ್ಣುಮಗಳ ತಲೆಯ ಮೇಲೆ ಬೀಳುತ್ತದೆ. ಕುಲುಮೆ ಉರಿದಷ್ಟೂ ಆಕೆಯ ತಲಾ ಆದಾಯ ಏರುತ್ತದೆ. ಆಕೆಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಕಡ್ಡಿಪುಡಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಸರಾಸರಿಗೆ ಜಾಗವಿಲ್ಲ ನೋಡಿ.

ತಾಲ್ಲೂಕು ತಾಲ್ಲೂಕನ್ನೇ ಹೋಲಿಸಿ ನೋಡಿದ ಪುಣ್ಯಾತ್ಮರೂ ನಮ್ಮಲ್ಲಿದ್ದರು. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚ್ಯಂಕಗಳನ್ನು ಹಿಡಿದು ರಾಜ್ಯದ ತಾಲ್ಲೂಕುಗಳನ್ನು ಅಳೆದು 2002ರಲ್ಲಿ ವರದಿ ಕೊಟ್ಟಿತು. 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಸಂಡೂರು ಇದೆ, ಪಕ್ಕದ ಕೂಡ್ಲಿಗಿಯೂ ಇದೆ. ದೋಣಿಮಲೈಯಲ್ಲಿ ಎನ್‌ಎಂಡಿಸಿ ಅದಿರು ತೆಗೆಯತೊಡಗಿ ಆಗ ಇಪ್ಪತ್ತೈದು ವರ್ಷ. ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿ ಅರ್ಧ ಶತಮಾನ ಸಮೀಪಿಸಿತ್ತು. ಇಲ್ಲಿಯ ರಾಜಮನೆತನದ ಎಂ.ವೈ. ಘೋರ್ಪಡೆಯವರು ಕೇಂಬ್ರಿಡ್ಜಿನಲ್ಲಿ ಅರ್ಥಶಾಸ್ತ್ರ ಓದಿ ಬಂದು ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದರು. ಅದಿರು, ಕಂಪನಿ, ಕೇಂಬ್ರಿಡ್ಜು, ಖಜಾನೆಯ ಕೀಲಿ ಎಲ್ಲವೂ ಒಂದೇ ತಾಲ್ಲೂಕಿನಲ್ಲಿ ಇದ್ದೂ ಅದು ಅತ್ಯಂತ ಹಿಂದುಳಿಯಬೇಕಾದರೆ ಅದಕ್ಕೂ ಬುದ್ಧಿ ಬೇಕು.

ಯುರೋಪು ನಮ್ಮನ್ನು ಅಳೆದು ಸೋತ ಕಾಲವೂ ಒಂದಿತ್ತು. 1520ರ ಸುಮಾರಿಗೆ ಪೋರ್ಚುಗೀಸ್ ದೊಮಿಂಗೊ ಪಾಯೆಸ್ ಹಂಪಿಗೆ ಬಂದು, ಊರು ರೋಮಿನಷ್ಟು ದೊಡ್ಡದಾಗಿ ಕಂಡಿತೆಂದು, ದವಸಧಾನ್ಯದಲ್ಲಿ ಇದಕ್ಕೆ ಸಮನಾದ ಪಟ್ಟಣವಿಲ್ಲವೆಂದು ಬರೆದುಕೊಂಡು ಹೋದ. ಹೊಸಪೇಟೆಯ ಪ್ರತಿ ಭಾಷಣದಲ್ಲೂ ಪಾಯೆಸ್ ಹಾಜರಾಗಿ ಚಪ್ಪಾಳೆ ಗಿಟ್ಟಿಸುತ್ತಾನೆ. ಅವನು ನೋಡಿದ್ದೂ ಸರಾಸರಿಯನ್ನೇ ಎಂಬುದು ನನ್ನ ಗುಮಾನಿ. ಕಲ್ಲು ಹೊತ್ತವನ ಜೀವನಮಟ್ಟ ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಐನೂರು ವರ್ಷದ ಮೇಲೆ ಯುರೋಪು, ಆಫ್ರಿಕಾ ಎರಡೂ ಹಂಪಿಗೆ ಒಟ್ಟಿಗೆ ಬಂದವು. 2023ರ ಜುಲೈನಲ್ಲಿ ಜಿ20 ಶೆರ್ಪಾಗಳ ಸಭೆ ನಡೆದದ್ದು ಇಲ್ಲಿಯೇ. ಆಫ್ರಿಕನ್ ಒಕ್ಕೂಟಕ್ಕೆ ಜಿ20ರಲ್ಲಿ ಕಾಯಂ ಸದಸ್ಯತ್ವ ಕೊಡಬೇಕೆಂಬ ಪ್ರಸ್ತಾವ ಕರಡು ಘೋಷಣೆಗೆ ಸೇರಿದ್ದು ಈ ಸಭೆಯಲ್ಲಿ; ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಅದು ಆಯಿತು ಕೂಡ. ಐವತ್ತೈದು ದೇಶಗಳಿಗೆ ಕುರ್ಚಿ ಹಾಕಿಕೊಟ್ಟ ಪುಣ್ಯದಲ್ಲಿ ಹಂಪಿಯ ವಿರೂಪಾಕ್ಷನದೂ ಪಾಲಿದೆ. ಅದೇ ವಾರ ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಕಸೂತಿ ಹಾಕಿದ 1,755 ವಸ್ತುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿಸಲಾಯಿತು. ಸಂಡೂರು ಕುಶಲ ಕಲಾ ಕೇಂದ್ರದ ಆ ಹೆಣ್ಣುಮಕ್ಕಳ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಪ್ರತಿನಿಧಿಗಳೂ ಕನ್ನಡಿ ಚೂರುಗಳಲ್ಲಿ ತಮ್ಮ ಮುಖ ನೋಡಿಕೊಂಡು ಸಂತೋಷಪಟ್ಟರಂತೆ. ಸುಗ್ಗಿ ಮುಗಿದ ಮೇಲೆ ಈ ಸೀಮೆಯ ತಾಂಡಾಗಳಿಂದ ಎಷ್ಟು ಕುಟುಂಬಗಳು ಕಬ್ಬು ಕಡಿಯಲು ಗುಳೆ ಹೋಗುತ್ತವೆ ಎಂಬುದಕ್ಕೆ ಗಿನ್ನೆಸ್‌ನವರ ಬಳಿ ಕಾಲಂ ಇಲ್ಲ. ಆಫ್ರಿಕಾದವರು ಯುರೋಪಿಗೆ ದೋಣಿ ಹತ್ತಿದರೆ ಅದು ಅಂತರರಾಷ್ಟ್ರೀಯ ಬಿಕ್ಕಟ್ಟು. ನಮ್ಮವರು ಮಂಡ್ಯಕ್ಕೆ ಲಾರಿ ಹತ್ತಿದರೆ ಅದು ವಾಡಿಕೆ.

ಆದರೆ ಒಂದು ವಿಷಯದಲ್ಲಿ ನಾವು ನಾರ್ವೆಯನ್ನು ಸೋಲಿಸಿದ್ದೇವೆ, ಅದನ್ನು ಹೇಳದಿದ್ದರೆ ಊರಿನ ಅನ್ನ ತಿಂದದ್ದು ದಕ್ಕುವುದಿಲ್ಲ. ತೈಲದ ದುಡ್ಡನ್ನು ಕೂಡಿಡಲು ನಾರ್ವೆ 1990ರಲ್ಲಿ ಕಾನೂನು ಮಾಡಿ ನಿಧಿಯೊಂದನ್ನು ಸ್ಥಾಪಿಸಿತು. ಈಗ ಅದು ಜಗತ್ತಿನ ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಸರಾಸರಿ ಶೇಕಡಾ ಒಂದೂವರೆಯಷ್ಟರ ಒಡೆಯ. ಸರ್ಕಾರ ಅದರಿಂದ ವರ್ಷಕ್ಕೆ ಸುಮಾರು ಶೇಕಡಾ 3ಕ್ಕಿಂತ ಹೆಚ್ಚು ತೆಗೆಯಬಾರದೆಂಬ ಕಟ್ಟುಪಾಡಿದೆ. ಬಿಗಿಹಿಡಿದ ಕೈ ಎಂದು ಲೋಕವೆಲ್ಲ ಹೊಗಳುತ್ತದೆ.

ನಮ್ಮಲ್ಲೂ ನಿಧಿಗಳಿವೆ. ಮೊದಲ ಕಂತು, ನೆನಪಿದ್ದವರಿಗೆ ನೆನಪಿರಬಹುದು, ತಿರುಪತಿ ತಿಮ್ಮಪ್ಪನ ತಲೆಯ ಮೇಲೆ ಕೂತಿತು. ಬಳ್ಳಾರಿಯ ಸಚಿವರೊಬ್ಬರು 2009ರಲ್ಲಿ ಅರ್ಪಿಸಿದ ವಜ್ರದ ಕಿರೀಟದ ಬೆಲೆ ನಲವತ್ತು ಕೋಟಿಗೂ ಮೇಲೆಂದು ಪತ್ರಿಕೆಗಳು ಬರೆದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೆಲ್ಲ ನಿಲ್ಲಿಸಿತು. ಮತ್ತೆ ತೆರೆದಾಗ, ಮಾರಿದ ಅದಿರಿನ ಒಂದು ಪಾಲು ಹಾಳಾದ ನೆಲ ಮತ್ತು ಜನರ ಪುನಶ್ಚೇತನಕ್ಕೆ ಎಂದು ಕಟ್ಟಿಡಿಸಿತು. ಅದಕ್ಕೆಂದು 2014ರಲ್ಲಿ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಕೋರ್ಟಿನ ಹಸಿರು ನಿಶಾನೆ ಸಿಕ್ಕಿದ್ದು 2022ರ ಏಪ್ರಿಲ್‌ನಲ್ಲಿ, ಅದೂ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಕಾವಲಿಗಿಟ್ಟು. ಅಲ್ಲಿಯವರೆಗೆ ದುಡ್ಡು ಬ್ಯಾಂಕಿನಲ್ಲಿ ಕೂತು ಬಡ್ಡಿ ಹೆರುತ್ತಿತ್ತು. ದೂಳು ಜನರ ಶ್ವಾಸಕೋಶದಲ್ಲಿ ಕೂತು ಕೆಮ್ಮು ಹೆರುತ್ತಿತ್ತು. ವರ್ಷಕ್ಕೆ ಶೇಕಡಾ 3ರ ಮಿತಿ ಹಾಕಿಕೊಳ್ಳಲು ನಾರ್ವೆಗೆ ಸಂಸತ್ತು, ಚರ್ಚೆ, ಅರ್ಥಶಾಸ್ತ್ರಜ್ಞರು ಬೇಕಾದರು. ಅದಕ್ಕಿಂತ ಬಿಗಿಯಾದ ಮಿತವ್ಯಯವನ್ನು ನಾವು ಬರೀ ಕಡತಗಳಿಂದ ಸಾಧಿಸಿದೆವು.

ಇದಲ್ಲದೆ 2015ರ ಕಾನೂನಿನಿಂದ ಹುಟ್ಟಿದ ಜಿಲ್ಲಾ ಖನಿಜ ನಿಧಿಯೂ ಇದೆ. ಹಳೆಯ ಗಣಿಗಳು ರಾಯಲ್ಟಿಯ ಶೇಕಡಾ 30ರಷ್ಟನ್ನು, ಹರಾಜಿನಲ್ಲಿ ಪಡೆದವು 10ರಷ್ಟನ್ನು ಇದಕ್ಕೆ ಕೊಡಬೇಕು. ಅಷ್ಟರಲ್ಲಿ 2021ರಲ್ಲಿ ಜಿಲ್ಲೆ ಇಬ್ಭಾಗವಾಯಿತು: ಹೊಸಪೇಟೆ, ಕೂಡ್ಲಿಗಿ ವಿಜಯನಗರಕ್ಕೆ, ಸಂಡೂರು ಬಳ್ಳಾರಿಗೆ. ದೂಳಿಗೆ ಮಾತ್ರ ಯಾವ ಜಿಲ್ಲೆಗೆ ಸೇರಬೇಕೆಂದು ಯಾರೂ ಆದೇಶ ಕೊಡಲಿಲ್ಲ. ಗಾಳಿ ಬೀಸಿದ ಕಡೆ ಹೋಗುತ್ತಿದೆ.

ಹೀಗೆ ಸಾಧನೆ ಇಷ್ಟಿರುವಾಗ ನಮ್ಮ ಜನಪ್ರತಿನಿಧಿಗಳು ನಾರ್ವೆಗೆ ಅಧ್ಯಯನ ಪ್ರವಾಸ ಹೊರಟರೆ ನಾನಂತೂ ತಡೆಯುವುದಿಲ್ಲ. ಜೂನ್ ತಿಂಗಳು ಒಳ್ಳೆಯದು, ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ, ಹೆಚ್ಚು ಹೊತ್ತು ಅಧ್ಯಯನ ಮಾಡಬಹುದು. ಶೇಕಡಾ 78ರ ವಿಷಯ ಬಂದಾಗ ಚಹ ವಿರಾಮ ತೆಗೆದುಕೊಂಡರಾಯಿತು. ವರದಿಯನ್ನು ನಂಜುಂಡಪ್ಪನವರ ವರದಿಯ ಪಕ್ಕದಲ್ಲೇ ಇಡಬಹುದು, ಜಾಗವಿದೆ. ಹೋಲಿಕೆ ಸಂಪೂರ್ಣವಾಗಲಿ ಎಂದು ಎರಡು ದಿನ ಓಲೊಯಿಬಿರಿಗೂ ಹೋಗಿ ಬನ್ನಿ ಎಂದರೆ ಮಾತ್ರ ಒಬ್ಬರೂ ಹೆಸರು ಬರೆಸಲಾರರು. ಅವರ ಉತ್ತರವನ್ನು ಈಗಲೇ ಊಹಿಸಬಲ್ಲೆ: "ಆ ಬೋರ್ಡ್ ನೋಡಾಕ ಅಷ್ಟ್ ದೂರ ಯಾಕ್ ಹೋಗೋದ್ ಸಾರ್? 1971ರಾಗ ಇಂದಿರಮ್ಮ ಉಕ್ಕಿನ ಕಾರ್ಖಾನಿಗೆ ಶಂಕುಸ್ಥಾಪನೆ ಮಾಡಿದ ಕಾಲದಿಂದ ನಮ್ಮಲ್ಲೇ ಎಷ್ಟ್ ಬೇಕಷ್ಟ್ ಕಲ್ಲು ಅದಾವು."