ಲಿಂಟಲ್ ಮಟ್ಟದ ಗಂಡ

ಹಿರಿಯೂರಿನ ಆಚೆ, ಮಾರಿಕಣಿವೆ ನಾಲೆ ಬದಿಯ ತೋಟ. ಬದುವಿನ ಮೇಲಿನ ಕರಿಜಾಲಿಯಲ್ಲಿ ಸೋರೆಬುರುಡೆಗಳಂತೆ ಗೂಡುಗಳು. ಅರ್ಧಕ್ಕೆ ನಿಂತ ಒಂದಕ್ಕೆ ತಲೆಕೆಳಗಾಗಿ ಜೋತುಬಿದ್ದು, ರೆಕ್ಕೆ ಬಡಿಯುತ್ತ ಅರಚುತ್ತಿದ್ದ ಹಳದಿ ನೆತ್ತಿಯ ಗೀಜಗ ಮಾತಿಗೆ ಸಿಕ್ಕಿತು. ಶಾಲೆಯ ಪಾಠಗಳಲ್ಲಿ ಈತ ಶ್ರಮಜೀವಿ. ಸಂಸಾರದ ವಿಚಾರವನ್ನು ಪಾಠ ಬರೆದವರು ಕೇಳಿದಂತಿಲ್ಲ.

ನಾನು: ಇದೇನು, ಅರ್ಧಕ್ಕೆ ನಿಂತ ಆಶ್ರಯ ಮನೆ ಇದ್ದಂಗಿದೆ?

ಗೀಜಗ: ಲೆಕ್ಕ ಎರಡಕ್ಕೂ ಒಂದೇ ಕಣಣ್ಣ. ನಿಮ್ಮಲ್ಲಿ ತಳಪಾಯಕ್ಕೊಂದು ಬಿಲ್ಲು, ಲಿಂಟಲ್ಲಿಗೊಂದು ಬಿಲ್ಲು. ಫೋಟೊ ಹೊಡ್ಕೊಂಡು ಹೋಗಿ ಪಾಸ್ ಮಾಡೋತನಕ ಕೆಲಸ ಮುಂದಕ್ಕಿಲ್ಲ. ನಾನೂ ಹೆಲ್ಮೆಟ್ ಆಕಾರ ಬರೋತನಕ ನೇಯ್ತೀನಿ, 8 ದಿನ ಹಿಡೀತೈತೆ. ಅಲ್ಲಿಗೆ ನಿಲ್ಲಿಸಿ ಕೂಗ್ತೀನಿ. ಹೆಣ್ಣು ಬಂದು ಒಳಗೆ ಹೊಕ್ಕು ನೋಡಿ ಒಪ್ಪಿದ್ರೇನೆ ಮೊಟ್ಟೆ ಕೋಣೆ, ಕೊಳವೆ ಬಾಗಿಲು. ಎಲ್ಲಾ ಸೇರಿ 18 ದಿನ.

ನಾನು: ಒಪ್ಪದಿದ್ದರೆ?

ಗೀಜಗ: ಆ ಕಡೆ ಒಣಗಿ ತೂಗಾಡ್ತಾವಲ್ಲ, ಅವೆಲ್ಲ ಪಾಸಾಗದ ಬಿಲ್ಲುಗಳು.

ನಾನು: ನೇಯ್ಗೆ ಮೆಚ್ಚಿ ಒಪ್ಪುತ್ತಾರೇನೋ?

ಗೀಜಗ: ಹೊಟ್ಟೆ ಉರಿಸಬೇಡಿ. ತೆಂಗಿನ ಗರಿ ಅಂಚನ್ನ ಕೊಕ್ಕಲ್ಲಿ ಕಚ್ಚಿ, ಹಾರ್ತಾ ಹಾರ್ತಾ ಸೀಳಿ ತರ್ತೀನಿ. ಗೇಣುದ್ದದ್ದು, ಮೊಳ ದಾಟಿದ್ದು, ಎಲ್ಲಾ ಎಳೆನೂ. ಒಂದು ಗೂಡಿಗೆ 500 ಸಲದವರೆಗೂ ಓಡಾಟ. ಗಂಟು ಹಾಕೋಕೆ ಕೈ ಬೇರೆ ಇಲ್ಲ. ಅವಳು ಮುಖ್ಯವಾಗಿ ನೋಡೋದು ಸೈಟು! ಮರದಲ್ಲಿ ಎತ್ತರದ ಜಾಗ, ತೆಳ್ಳನೆ ಕೊಂಬೆ, ಕೆಳಗೆ ಒಣ ನೆಲ ಇರಬೇಕಂತೆ. ಚಿತ್ರದುರ್ಗ ಜಿಲ್ಲೆಯಲ್ಲಿ ಒಣ ನೆಲಕ್ಕೆ ಬರವೇ? 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಮಾತ್ರ ಗಾಬರಿಯಾಯ್ತು. ಹಿಂದೆ ಬಿದ್ದಿದ್ದು 1933ರಲ್ಲಂತೆ, ಕೇಳೋಣ ಅಂದ್ರೆ ನಮ್ಮಲ್ಲಿ ಅಷ್ಟು ವಯಸ್ಸಾದೋರು ಯಾರವ್ರೆ?

ನಾನು: ಗೂಡುಗಳೆಲ್ಲ ಮರದ ಪೂರ್ವಕ್ಕೇ ಇವೆ. ವಾಸ್ತುವೋ?

ಗೀಜಗ: ಮುಂಗಾರು ಗಾಳಿ ನೈಋತ್ಯದಿಂದ ಬಡಿಯೋದು ಸ್ವಾಮಿ. ಮರ ಅಡ್ಡ ಇದ್ರೆ ಮರಿ ಉಳೀತವೆ. ಬೇಕಾದ್ರೆ ವಾಸ್ತು ಅಂತ್ಲೇ ಬರ್ಕೊಳ್ಳಿ, ಸೈಟಿಗೆ ರೇಟು ಬರ್ತೈತೆ.

ನಾನು: ಗೂಡಿಗೆ ಹಸಿ ಮಣ್ಣು ಮೆತ್ತಿ, ಮಿಣುಕುಹುಳ ಅಂಟಿಸಿ ದೀಪ ಮಾಡ್ಕೊಳ್ತೀರಂತೆ?

ಗೀಜಗ: ಮಣ್ಣು ಮೆತ್ತೋದು ನಿಜ. ದೀಪದ ಕತೆ ನಿಮ್ಮ ಅಜ್ಜಿಯರದ್ದು. ಬೆಸ್ಕಾಂನೋರ ಕಿವಿಗೆ ಹಾಕಬೇಡಿ, ಮೀಟರ್ ಕೂರಿಸಿಬಿಟ್ಟಾರು.

ನಾನು: ಸರಿ, ಗೃಹಪ್ರವೇಶ ಆಯ್ತು. ಆಮೇಲೆ?

ಗೀಜಗ: ಆಮೇಲೆ ಅವಳುಂಟು, ಗೂಡುಂಟು. ಎರಡರಿಂದ ನಾಲ್ಕು ಬಿಳಿ ಮೊಟ್ಟೆ ಇಡ್ತಾಳೆ, ಎರಡು ವಾರ ಕಾವು ಕೊಡ್ತಾಳೆ. ಮರಿ ಹಾರೋಕೆ ಮತ್ತೆ ಎರಡೂವರೆ ವಾರ.

ನಾನು: ನೀವು ಆಗ?

ಗೀಜಗ: ಪಕ್ಕದ ಕೊಂಬೇಲಿ ಎರಡನೇ ತಳಪಾಯ. ಎರಡನೇ ಸಂಬಂಧಕ್ಕೆ.

ನಾನು: ಓಹೋ!

ಗೀಜಗ: ಹುಬ್ಬೇರಿಸಬೇಡಿ. ಸಲೀಂ ಅಲಿ ಅಂತ ಒಬ್ಬರು 1930ರಲ್ಲಿ ಮುಂಬೈ ಹತ್ರದ ಕಿಹೀಂನಲ್ಲಿ ನಮ್ಮೋರ ಗೂಡಿನ ಮುಂದೆ ಕೂತು, ಯಾರ ಗೂಡಿಗೆ ಯಾವ ಹೆಣ್ಣು ಬಂದ್ಲು ಅಂತ ಎಲ್ಲಾ ಬರ್ಕೊಂಡು ಹೋದ್ರು. ಅವತ್ತಿಂದ ಮಾನ ಬಜಾರಿಗೆ ಬಿತ್ತು.

ನಾನು: ಪಕ್ಕದ ದಾಳಿಂಬೆ ತೋಟದ ಸಿಂಪಿಗನನ್ನು ನೋಡಿ. ಗಂಡ ಹೆಂಡತಿ ಇಬ್ಬರೂ ಸೇರಿ ಮರಿಗಳಿಗೆ ಹುಳ ತಿನ್ನಿಸ್ತಾರೆ.

ಗೀಜಗ: ಅವನಿಗೆ ಗೂಡು ಹೊಲಿಯೋ ಕಷ್ಟ ಏನು ಗೊತ್ತು? ಹೆಂಡ್ತಿನೇ ಹೊಲೀತಾಳೆ. ಇನ್ನು ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟು ಎದ್ದೋಗ್ತಾಳೆ, ಅವಳ ಗಂಡನ ದನಿಗೆ ನೀವು ಕವನ ಬರೀತೀರಿ. ನಾನೂ ಒಂದೆರಡು ಸಲ ಮಿಡತೆ ತಂದು ಕೊಟ್ಟಿದ್ದೀನಿ. ಫೋಟೊ ಹೊಡೆಯೋರು ಅವತ್ತು ಇರಲಿಲ್ಲ, ಅಷ್ಟೆ.

ನಾನು: ಮನೆಯವರ ಜೊತೆ ಎರಡು ಮಾತಾಡಬಹುದಾ?

(ಕೊಳವೆಯಿಂದ ತಲೆ ಹೊರಗೆ ಬಂತು, ಹಳದಿಯಿಲ್ಲದ, ಗುಬ್ಬಿಯಂಥ ಕಂದು ತಲೆ. "ಕೈ ಬಿಡುವಿಲ್ಲ" ಎಂದು ಮಿಡತೆ ಹುಡುಕಲು ಹೊರಟೇಹೋದಳು.)

ನಾನು: ಮಳೆಗಾಲ ಕಳೆದ ಮೇಲೆ ನಿಮ್ಮ ಈ ಹಳದಿ?

ಗೀಜಗ: ಇಳಿದುಹೋಗ್ತೈತೆ. ಆಗ ನಾನ್ಯಾರು, ಅವಳ್ಯಾರು, ಗುರುತು ಹಿಡಿಯೋದು ಕಷ್ಟ. ಅಂಗನವಾಡಿಯೋರು ಮಕ್ಕಳ ತಂದೆ ಯಾರು ಅಂತ ಹುಡುಕ್ಕೊಂಡು ಬಂದ್ರೂ... ಅಣ್ಣಾ, ಒಂಚೂರು ಆ ಕಡೆ ನಿಂತ್ಕೊಳ್ಳಿ. ಸೈಟು ನೋಡೋಕೆ ಪಾರ್ಟಿ ಬರ್ತೈತೆ.