ನೋಡ್ರಿ, ಮುಟ್ಟಬ್ಯಾಡ್ರಿ

“ಚಹಾ ಆಮ್ಯಾಲ ಕುಡೀರಂತ. ಮೊದಲ ನಮ್ಮ ಕುಂಡಿ ನೋಡಬರ್ರಿ.”

ಗಡಹಿಂಗ್ಲಜದ ನಮ್ಮ ಹೂವಿನ ಕಾಕಾ ಹೀಗೆಂದಾಗ, ಬೆಂಗಳೂರಿನಿಂದ ಮೊದಲ ಸಲ ಬಂದಿದ್ದ ಬೀಗರು ಅರ್ಧ ಎದ್ದವರು ಹಾಗೇ ಕೂತುಬಿಟ್ಟರು. ತಪ್ಪು ಕಾಕಾರದ್ದಲ್ಲ, ಗಡಿಯದು. ಹೂಗಿಡ ನೆಡುವ ಕುಂಡಕ್ಕೆ ಮರಾಠಿಯಲ್ಲಿ ಕುಂಡಿ ಅನ್ನುತ್ತಾರೆ. ನಮ್ಮ ಕಡೆ ಮಾತು ಕನ್ನಡ, ಮಾತಿನೊಳಗಿನ ಸಾಮಾನು ಮರಾಠಿ. ಕೊಲ್ಹಾಪುರದ ಪುಷ್ಪಪ್ರದರ್ಶನದಲ್ಲಿ ಕುಂಡಿ ವಿಭಾಗಕ್ಕೆ ಸಿಕ್ಕ ಎರಡನೇ ಬಹುಮಾನದ ಪ್ರಶಸ್ತಿಪತ್ರ ದೇವರ ಫೋಟೋ ಪಕ್ಕದಲ್ಲೇ ತೂಗುತ್ತಿದೆ. ಅದನ್ನೂ ತೋರಿಸಿದ ಮೇಲೆ ಬೀಗರಿಗೆ ಈ ಮನೆತನದ ಬಗ್ಗೆ ಏನನಿಸಿತೋ, ಅವರು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇಂಥ ಕಾಕಾ ಒಬ್ಬರೇ ಅಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳಲ್ಲಿ ಪೆನ್ಶನ್ ಬರುವ ಓಣಿಗೊಬ್ಬರಾದರೂ ಸಿಗುತ್ತಾರೆ. ಮಳೆಗಾಲದಲ್ಲಿ ಗುರುತು ಹಿಡಿಯುವುದು ಕಷ್ಟ. ಎಲ್ಲರಂತೆ ಪೇಪರು ಓದುತ್ತಾರೆ, ಎಲ್ಲರಂತೆ ಮಂಡಿ ನೋವೆನ್ನುತ್ತಾರೆ. ಗಣಪತಿಯನ್ನು ಹಿರಣ್ಯಕೇಶಿ ಹೊಳೆಗೆ ಕಳಿಸಿ ಬಂದ ಮರುದಿನ ಮಂಡಿನೋವು ಮಾಯ. ಅಂದಿನಿಂದ ಸಂಕ್ರಾಂತಿ ದಾಟುವ ತನಕ ಕಾಕಾ ಕುಕ್ಕರುಗಾಲಲ್ಲೇ ಇರುತ್ತಾರೆ.

ಮೊದಲು ಬೀಜದ ಪರ್ವ. ಪೆಟೂನಿಯಾ ಬೀಜವೆಂದರೆ ನಶ್ಯದ ಪುಡಿ. ಒಂದು ಗ್ರಾಮಿಗೆ ಹತ್ತಿರಹತ್ತಿರ 10,000 ಕಾಳು. ಅದನ್ನು ಸಣ್ಣ ಮರಳಿನಲ್ಲಿ ಬೆರೆಸಿ, ಉಸಿರು ಬಿಗಿಹಿಡಿದು ಬಿತ್ತಬೇಕು. ಎರಡು ವರ್ಷದ ಹಿಂದೆ ಕಾಕಾ ಅಂಗೈಯಲ್ಲಿ ಬೀಜ ಹಿಡಿದ ಗಳಿಗೆಗೆ ಸರಿಯಾಗಿ ಒಳಗೆ ಅವರ ಹೆಂಡತಿ ಕಾಕೂ ಸಂಕೇಶ್ವರದ ಮೆಣಸಿನಕಾಯಿ ಹುರಿದರು. ಒಂದೇ ಸೀನು. ಆ ಚಳಿಗಾಲದಲ್ಲಿ ಓಣಿಯ ಅತಿ ಚಂದದ ಪೆಟೂನಿಯಾ ಅರಳಿದ್ದು ಪಕ್ಕದ ಮನೆಯ ಗಟಾರಿನ ಬಿರುಕಿನಲ್ಲಿ. ಕಾಕಾ ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಪರರ ಗಟಾರಿಗೆ ನೀರು ಹಾಕಿ ಬರುತ್ತಿದ್ದರು.

ಆಮೇಲೆ ಮಣ್ಣು. ಹೊಳೆದಂಡೆಯ ಕರಿಮಣ್ಣು ಕಬ್ಬಿಗೇನೋ ಚಲೋ, ಆದರೆ ನೀರು ಹಿಡಿದಿಟ್ಟು ಡೇರೆ ಗಡ್ಡೆಯನ್ನು ಕೊಳೆಸುತ್ತದೆ. ಅದಕ್ಕೆ ಆಜರಾ ಕಡೆಯ ಕೆಂಪು ಮಣ್ಣೇ ಆಗಬೇಕು. ಆಜರಾ ಎಂದರೆ ಊರೆಲ್ಲ ಬಾಯಿ ಚಪ್ಪರಿಸುವುದು ಅಲ್ಲಿಯ ಘನಸಾಳ ಅಕ್ಕಿಗೆ. ಘಮಘಮ ಅನ್ನುವ ಆ ಅಕ್ಕಿಗೆ ಜಿಐ ಪಟ್ಟವೂ ಉಂಟು. ಕಾಕೂ ಚೀಲ ಕೊಟ್ಟು ಕಳಿಸಿದ್ದೂ ಅದಕ್ಕೇ. ಸಂಜೆ ಎಸ್‌ಟಿ ಬಸ್ಸಿನಿಂದ ಇಬ್ಬರು ಹಿಡಿದು ಇಳಿಸಿದ ಚೀಲದ ಬಾಯಿ ಬಿಚ್ಚಿ ನೋಡಿ ಅವರೆಂದದ್ದು ಇಷ್ಟೇ: “ಕಡೀಕೂ ನಮ್ಮ ಬಾಯಾಗ ಮಣ್ಣ ಹಾಕಿದ್ರಿ.”

ಆದರೆ ಕಾಕಾರ ನಿಜವಾದ ವೈರಿ ಎಂದರೆ ಮನೆಯೆದುರಿನ ಬೀದಿದೀಪ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದವಿರಬೇಕು, ಕತ್ತಲೆಯ ನಡುವೆ ಬೆಳಕು ಬೀಳಬಾರದು. ಗಿಡಗಳು ಹಗಲು ರಾತ್ರಿಯ ಲೆಕ್ಕ ಇಡುತ್ತವೆಂದು ಗಾರ್ನರ್, ಅಲರ್ಡ್ ಎಂಬ ಅಮೆರಿಕದ ಇಬ್ಬರು 1920ರಲ್ಲೇ ಬರೆದಿಟ್ಟರು. ಇದು ಗೊತ್ತಿರುವ ರೈತರು ಹೂವು ತಡವಾಗಿ ಬರಲೆಂದು ಸೇವಂತಿಗೆ ಹೊಲದಲ್ಲಿ ರಾತ್ರಿ ಬೇಕೆಂದೇ ಬಲ್ಬು ಉರಿಸುತ್ತಾರೆ. ಕಾಕಾರ ಮನೆ ಮುಂದೆ ಅದೇ ಸೇವೆ ಪುಕ್ಕಟೆ ನಡೆದಿತ್ತು. ಕಂಬಕ್ಕೆ ಬಿಳೀ ಎಲ್‌ಇಡಿ ಹಾಕಿದ ವರ್ಷ ಗೇಟಿನ ಬಳಿಯ ಗಿಡಗಳು ಎದೆಮಟ್ಟ ಬೆಳೆದವು. ಮೊಗ್ಗು ಮಾತ್ರ ಒಂದೂ ಇಲ್ಲ.

ಇಚಲಕರಂಜಿಯಲ್ಲಿರುವ ಕಾಕೂನ ತಮ್ಮನ ಪಾಡಂತೂ ಕೇಳಲೇಬೇಡಿ. ಆ ಊರಿಗೆ 1904ರಲ್ಲಿ ಮೊದಲ ಪವರ್‌ಲೂಮ್ ಬಂತು, ಅವತ್ತಿನಿಂದ ಅಲ್ಲಿ ಸದ್ದು ನಿಂತಿಲ್ಲ. ಮನೆಯ ಎದುರಿಗೇ ಮಗ್ಗದ ಶೆಡ್ಡು. ರಾತ್ರಿ ಪಾಳಿಯ ಟ್ಯೂಬ್‌ಲೈಟು ನೇರ ಟೆರೇಸಿಗೆ. ಕುಡಿಯುವ ನೀರಿಗೇ ನಲ್ಲಿ ಬರುವ ದಿನ ಎಣಿಸುವ ಊರಲ್ಲಿ ಅವರು ಅಕ್ಕಿ ತೊಳೆದ ನೀರು ಹಾಕಿ ಗಿಡ ಸಾಕಿದರೆ, ಅವು ಸೊಪ್ಪಿನ ಪಲ್ಯಕ್ಕೆ ಬೆಳೆದಂತೆ ಬರೀ ಹಸಿರು. ಫೋನಿನಲ್ಲಿ ಭಾವ ಭಾವಮೈದುನ ತಾಸುಗಟ್ಟಲೆ ಕತ್ತಲೆಯ ಬಗ್ಗೆ ಮಾತಾಡುವುದನ್ನು ಕೇಳಿದವರು ಕಳ್ಳತನದ ಹಂಚಿಕೆ ಅಂದುಕೊಳ್ಳಬೇಕು.

ಕೊನೆಗೆ ಕಾಕಾ ಸಂಜೆ ಆರಕ್ಕೆ ಗಿಡಗಳನ್ನು ಮಲಗಿಸಲು ಶುರು ಮಾಡಿದರು. ಗೋಣಿಚೀಲ, ಕೊಡೆ, ಕಾಕೂನ ಕರಿ ಇಳಕಲ್ ಸೀರೆ, ಏನು ಸಿಕ್ಕರೆ ಅದು. ಕತ್ತಲಲ್ಲಿ ಗೇಟಿನ ಬಳಿ ಸೆರಗು ಹೊದ್ದ ಸಾಲು ಕಂಡು ಹಾಲಿನವನು ನಾಲ್ಕು ದಿನ ಬರಲಿಲ್ಲ. ಅಷ್ಟರಲ್ಲಿ ಒಂದು ರಾತ್ರಿ ಯಾರೋ ಕಲ್ಲು ಹೊಡೆದು ದೀಪ ಒಡೆದರು. ಹೊಡೆದವರಾರೆಂದು ಓಣಿಗೆ ಇನ್ನೂ ಗೊತ್ತಾಗಿಲ್ಲ. ಕಾಕಾರ ಬಲಗೈ ರಟ್ಟೆಗೆ ಮಾತ್ರ ಎರಡು ದಿನ ಬಿಸಿನೀರಿನ ಶೇಕ ಕೊಟ್ಟೆ ಎಂದು ಕಾಕೂ ಹೇಳುತ್ತಾರೆ. ಆ ಸಲ ಹೂವು ತಡವಾಗಿ ಬಂದರೂ ಗಿಡದಲ್ಲಿ ಎಲೆ ಕಾಣಲಿಲ್ಲ.

ಇಷ್ಟೆಲ್ಲ ಅರಳಿಸಿ ಏನು ಮಾಡುತ್ತಾರೆ? ಏನೂ ಇಲ್ಲ, ನೋಡುತ್ತಾರೆ. ಬಂದವರಿಗೆ ತೋರಿಸುತ್ತಾರೆ, ಮುಟ್ಟಗೊಡುವುದಿಲ್ಲ. ಅಂಗಳದಲ್ಲಿ ಸೇವಂತಿಗೆ, ಸಾಲ್ವಿಯಾ, ಫ್ಲಾಕ್ಸ್, ತಟ್ಟೆಯಗಲದ ಡೇರೆ ತುಂಬಿ ತುಳುಕುವಾಗ ಕಾಕೂ ಚೀಲ ಹಿಡಿದು ಬಜಾರಕ್ಕೆ ಹೋಗಿ ದೇವರಿಗೆ ಹೂವು ಕೊಂಡು ತರುತ್ತಾರೆ. ಅದೂ ಸೇವಂತಿಗೆಯನ್ನೇ.

ಕಾಕೂ ಸೇಡು ತೀರಿಸಿಕೊಂಡರೋ ಕೈತಪ್ಪಿತೋ, ದೇವರಿಗೇ ಗೊತ್ತು. ಬಿಸಿಲೇರಿ ಡೇರೆ ಒಣಗಿದ ಮೇಲೆ ಕಾಕಾ ಗಡ್ಡೆ ಕಿತ್ತು ಮರಳಿನ ಬುಟ್ಟಿಯಲ್ಲಿ ಮಂಚದಡಿ ಇಟ್ಟಿದ್ದರು. ಆಷಾಢಿ ಏಕಾದಶಿಯ ಉಪವಾಸಕ್ಕೆ ತಾಟಿನಲ್ಲಿ ಬೇಯಿಸಿದ ಗೆಣಸು ಬಂತು. ಎರಡು ತುಂಡು ತಿಂದು ಕಾಕಾ, “ಈ ಗೆಣಸ ಯಾಕಿಷ್ಟು ಸಪ್ಪಗೈತಿ?” ಎಂದವರು ಉತ್ತರ ಬರುವ ಮೊದಲೇ ಮಂಚದಡಿ ಬಗ್ಗಿದರು. ಬಹುಮಾನ ತಂದ ಕೆಂಪು ಡೇರೆ ಹೊಟ್ಟೆಯೊಳಗಿತ್ತು. ಮೆಕ್ಸಿಕೋದಲ್ಲಿ ಹಿಂದೆ ಅಜ್ಟೆಕ್ ಜನ ಈ ಗಡ್ಡೆ ತಿನ್ನುತ್ತಿದ್ದರೆಂದು ನಾನು ಸಮಾಧಾನ ಹೇಳಿದೆ. ಕಾಕಾ ಇನ್ನೂ ಕುಗ್ಗಿದರು: “1963ರಾಗ ಅದನ್ನ ಅವರು ರಾಷ್ಟ್ರಪುಷ್ಪ ಮಾಡ್ಯಾರ. ಒಂದು ದೇಶದ ರಾಷ್ಟ್ರಪುಷ್ಪ ತಿಂದೆನಲ್ಲೋ!”

ಈ ವರ್ಷ ಉಳಿದ ಗಡ್ಡೆಗಳು ತಿಜೋರಿಯಲ್ಲಿವೆ. ಒಳಗೆ ಕತ್ತಲು, ತಂಪು, ಬೀಗ. ಕಾಕೂನ ಬಂಗಾರ ಬೇಳೆ ಡಬ್ಬಿಯಲ್ಲಿದೆ.