ದೊಡ್ಡಪ್ಪನ ಅಂಟಿನ ಪುಸ್ತಕ

ನಮ್ಮ ದೊಡ್ಡಪ್ಪ ಚಿಕ್ಕಮಗಳೂರಿನ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರು. ಹಣ್ಣು ಕುಯ್ಯುವವರು ಚೀಲದ ತಳಕ್ಕೆ ಕಲ್ಲು ಸೇರಿಸಿದ್ದರೆ ಚೀಲ ಇಳಿಸಿದ ಸದ್ದಿಗೇ ಹಿಡಿಯುತ್ತಿದ್ದರು. ತಡವಾಗಿ ಬಂದ ಹೆಣ್ಣಾಳು ‘ಮಗೀಗೆ ಜ್ವರ’ ಎಂದರೆ, ‘ಎಷ್ಟು ಡಿಗ್ರಿ?’ ಎಂದು ಕೇಳುವ ಆಸಾಮಿ. ಇಂಥ ಅನುಮಾನದ ಮನುಷ್ಯ ಒಬ್ಬರ ವಿಷಯದಲ್ಲಿ ಮಾತ್ರ ಜನ್ಮದಲ್ಲಿ ಅನುಮಾನಪಟ್ಟವರಲ್ಲ. ಅವರು ಇಂದಿರಾ ಗಾಂಧಿ. ದೊಡ್ಡಪ್ಪನ ಬಾಯಲ್ಲಿ ‘ಅಮ್ಮ’. ಹೆತ್ತ ತಾಯಿಯನ್ನು ‘ಅವ್ವ’ ಎನ್ನುತ್ತಿದ್ದರಾದ್ದರಿಂದ ಮನೆಯಲ್ಲಿ ಗೊಂದಲವಾಗುತ್ತಿರಲಿಲ್ಲ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಅಮ್ಮನ ರಾಯ್‌ಬರೇಲಿ ಚುನಾವಣೆಯನ್ನು ಅಸಿಂಧು ಮಾಡಿತು. ‘ಭಾಷಣಕ್ಕೆ ವೇದಿಕೆ ಸರ್ಕಾರಿ ನೌಕರರು ಕಟ್ಟಿದ್ರಂತೆ! ಮತ್ತೇನು, ಪ್ರಧಾನಮಂತ್ರಿ ಹೋಗಿ ಹುತ್ತದ ಮೇಲೆ ನಿಂತ್ಕೋಬೇಕಿತ್ತಾ?’ ಎಂದರು ದೊಡ್ಡಪ್ಪ. ಅದರ ಬೆನ್ನಿಗೇ ಬಂದ ತುರ್ತು ಪರಿಸ್ಥಿತಿಯಲ್ಲಿ ಅವರಿಗೆ ನೆನಪಿದ್ದದ್ದು ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿದ್ದುದು. ಜೈಲಿಗೆ ಹೋದವರ ಮಾತೆತ್ತಿದರೆ ಎಲೆಅಡಿಕೆ ಬಾಯಿಗೆ ಹೋಗುತ್ತಿತ್ತು. ಬಾಯಿ ತುಂಬಿದವರು ಮಾತಾಡುವುದಾದರೂ ಹೇಗೆ?

1977ರಲ್ಲಿ ಅಮ್ಮ ಸೋತರು. ಅಲ್ಲಿಂದ ತನಿಖೆಗಳ ಸುಗ್ಗಿ. ದೊಡ್ಡಪ್ಪ ತೋಟದ ಹಳೆಯ ಮಸ್ಟರ್ ರೋಲ್ ಪುಸ್ತಕವೊಂದನ್ನು ತಂದು, ಎಡಪುಟಕ್ಕೆ ‘ನಮ್ಮವರು’, ಬಲಪುಟಕ್ಕೆ ‘ಅವರು’ ಎಂದು ಬರೆದು, ಪೇಪರಿನ ತುಂಡುಗಳನ್ನು ಅನ್ನದ ಗಂಜಿಯಿಂದ ಅಂಟಿಸತೊಡಗಿದರು. ತನಿಖೆ ಎಡಕ್ಕೆ ಬಂದರೆ ಷಡ್ಯಂತ್ರ, ಬಲಕ್ಕೆ ಬಿದ್ದರೆ ಪಾಪದ ಫಲ. ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ಕೆದಕಿದ ಶಾ ಆಯೋಗ ಎಡಕ್ಕೆ. ನಮ್ಮ ಮುಖ್ಯಮಂತ್ರಿ ದೇವರಾಜ ಅರಸರ ಮೇಲೆ ಕೇಂದ್ರ ಕೂರಿಸಿದ ಗ್ರೋವರ್ ಆಯೋಗವೂ ಎಡಕ್ಕೆ. ಕೇಂದ್ರದವರು ನೇಮಿಸುವುದಕ್ಕೆ ಕೆಲವೇ ದಿನ ಮೊದಲು ರಾಜ್ಯವೇ ತನ್ನದೊಂದು ಆಯೋಗ ಮಾಡಿಕೊಂಡಿತ್ತು. ‘ನಮ್ಮ ತನಿಖೆ ನಾವೇ ಮಾಡ್ಕೋತಿದ್ದೀವಲ್ಲ, ಇವರಿಗ್ಯಾಕೆ ತೊಂದ್ರೆ?’ ಎಂದು ದೊಡ್ಡಪ್ಪ ನಿಜವಾಗಿಯೂ ಕನಿಕರದಿಂದ ಹೇಳುತ್ತಿದ್ದರು. ರಾಜ್ಯ ಸುಪ್ರೀಂ ಕೋರ್ಟಿಗೂ ಹೋಗಿ ಸೋತಿತು. ಆ ತೀರ್ಪೂ ಎಡಕ್ಕೆ.

ಅಕ್ಟೋಬರ್ 3ರಂದು ಚುನಾವಣೆಯ ಜೀಪುಗಳ ವಿಚಾರ ಮುಂದಿಟ್ಟು ಸಿಬಿಐ ಅಮ್ಮನನ್ನು ಹಿಡಿಯಿತು. ಮಾರನೇ ದಿನವೇ ಮ್ಯಾಜಿಸ್ಟ್ರೇಟರು ಬಿಟ್ಟರು. ಅವತ್ತು ಕೋರ್ಟು ನ್ಯಾಯದೇಗುಲವಾಗಿತ್ತು. ದೊಡ್ಡಪ್ಪ ತೋಟದಾಳುಗಳ ಇಡೀ ಲೈನಿಗೆ ಬೂಂದಿ ಹಂಚಿದರು.

ಇನ್ನು ನನ್ನ ಮೇಲಿನ ತನಿಖೆಯ ಕಥೆ. 1978ರ ಜನವರಿಯಲ್ಲಿ ದೊಡ್ಡಮ್ಮನ ಗೋಡಂಬಿ ಡಬ್ಬಿ ಖಾಲಿಯಾಗಿತ್ತು. ದೊಡ್ಡಪ್ಪ ತೂಕದ ಚೀಲ ನೋಡುವ ಕಣ್ಣಲ್ಲಿ ನನ್ನನ್ನು ನೋಡಿ, ದೇವರ ಗೂಡಿನ ಮುಂದೆ ನಿಲ್ಲಿಸಿ, ‘ಆಣೆ ಮಾಡಿ ಹೇಳು’ ಎಂದರು. ಅದೇ ವಾರ ದೆಹಲಿಯಲ್ಲಿ ಅಮ್ಮ ಶಾ ಆಯೋಗದ ಮುಂದೆ ಪ್ರಮಾಣ ಸ್ವೀಕರಿಸಲು ಒಪ್ಪಿರಲಿಲ್ಲ. ಅದನ್ನು ದೊಡ್ಡಪ್ಪನೇ ಎಲ್ಲರಿಗೂ ಮೂರು ಸಲ ಓದಿ ಹೇಳಿದ್ದರು. ನಾನೂ ಕೈಕಟ್ಟಿ ನಿಂತು, ‘ಆಣೆ ಮಾಡಲ್ಲ. ಇದು ಷಡ್ಯಂತ್ರ’ ಎಂದೆ.

ಒಳಗೆ ದೊಡ್ಡಮ್ಮ ಸೆರಗು ಬಾಯಿಗಿಟ್ಟುಕೊಂಡದ್ದು ಕಾಣಿಸಿತು. ದೊಡ್ಡಪ್ಪ ಎತ್ತಿದ ಕೈಯನ್ನು ಹಾಗೇ ತಲೆಗೆ ಒಯ್ದು ಕೂದಲು ಸರಿಮಾಡಿಕೊಂಡರು. ಹೊಡೆದರೆ ಅಮ್ಮನಿಗೆ ಹೊಡೆದಂತೆ. ಬಿಟ್ಟರೆ ಗೋಡಂಬಿ ಹೋದಂತೆ. ಕೊನೆಗೆ, ‘ಸಾಕ್ಷಿ ಸಾಲದು’ ಎಂದು ಗೊಣಗಿ ತೋಟಕ್ಕೆ ನಡೆದರು. (ತಿಂದವನು ನಾನೇ.)

ಅದೇ ವರ್ಷ ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು, ಅಮ್ಮ ನಮ್ಮೂರಲ್ಲೇ ಚುನಾವಣೆಗೆ ನಿಂತರು! ದೊಡ್ಡಪ್ಪನಿಗೆ ನಿದ್ದೆಯಿಲ್ಲ. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಅವರ ಚಿತ್ರ ಬಲಪುಟಕ್ಕೆ, ದಪ್ಪಗೆ ಗಂಜಿ ಹಚ್ಚಿಸಿಕೊಂಡು. ನವೆಂಬರಿನಲ್ಲಿ ಅಮ್ಮ 77,333 ಮತಗಳಿಂದ ಗೆದ್ದಾಗ, ‘ನೋಡು, ಇದೇ ನಿಜವಾದ ಆಯೋಗ. ಜನ ತೀರ್ಪು ಕೊಟ್ಟ ಮೇಲೆ ಮುಗೀತು’ ಎಂದರು. ಹಿಂದಿನ ವರ್ಷ ರಾಯ್‌ಬರೇಲಿಯ ಜನ 55 ಸಾವಿರ ಮತಗಳಿಂದ ಸೋಲಿಸಿದ್ದನ್ನು ನೆನಪಿಸಿದರೆ, ‘ಆ ಜನಕ್ಕೆ ಏನು ತಿಳಿಯುತ್ತೆ?’

ಗೆದ್ದ ಖುಷಿ ಎರಡು ತಿಂಗಳೂ ಇರಲಿಲ್ಲ. ಡಿಸೆಂಬರ್ 19ರಂದು ಲೋಕಸಭೆ ಅಮ್ಮನನ್ನು ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ತಿಹಾರಿಗೆ ಕಳಿಸಿತು. ಮರುದಿನ ಪಾಂಡೆ ಎಂಬ ಹೆಸರಿನ ಇಬ್ಬರು ಆಟಿಕೆ ಪಿಸ್ತೂಲು, ಒಂದು ಕ್ರಿಕೆಟ್ ಚೆಂಡು ಹಿಡಿದು ವಿಮಾನ ಅಪಹರಿಸಿ, ಅಮ್ಮನನ್ನು ಬಿಡಿ ಎಂದರು. ‘ಆಟಿಕೆ ತಾನೇ? ಗಾಂಧಿ ಮಾರ್ಗ ಅದು’ ಎಂದ ದೊಡ್ಡಪ್ಪ, ನನ್ನ ಕ್ರಿಕೆಟ್ ಚೆಂಡನ್ನು ಕೆಲವು ದಿನ ಒಂಥರಾ ಗೌರವದಿಂದ ನೋಡುತ್ತಿದ್ದರು. ಮುಂದೆ ಆ ಇಬ್ಬರೂ ಉತ್ತರ ಪ್ರದೇಶದಲ್ಲಿ ಶಾಸಕರಾದರು.

ನಿಜವಾದ ಕಷ್ಟ ಬಂದದ್ದು 1979ರಲ್ಲಿ. ಅರಸರಿಗೂ ಅಮ್ಮನಿಗೂ ಮುರಿದುಬಿತ್ತು. ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಬಿಸಿನೀರು ಕೇಳಿ, ಬಟ್ಟೆ ಅದ್ದಿ, ಎಡಪುಟದ ಗ್ರೋವರ್ ಆಯೋಗವನ್ನು ಮೆಲ್ಲಗೆ ನೆನೆಸಿ ಬಿಡಿಸಿದರು. ಬಲಪುಟಕ್ಕೆ ಅಂಟಿಸಿ, ‘ಗ್ರೋವರ್ ಸಾಹೇಬ್ರು ಭಾರಿ ಸೂಕ್ಷ್ಮ ಮನುಷ್ಯ ಕಣೋ’ ಎಂದರು.

1980ರ ಹೊತ್ತಿಗೆ ವೀರೇಂದ್ರ ಪಾಟೀಲರು ಅಮ್ಮನ ಪಕ್ಷ ಸೇರಿ, ಗೆದ್ದು, ಕೇಂದ್ರದಲ್ಲಿ ಮಂತ್ರಿಯೂ ಆಗಿಬಿಟ್ಟರು. ದೊಡ್ಡಪ್ಪ ಮತ್ತೆ ಬಿಸಿನೀರು ಕೇಳಿದರು. ದಪ್ಪ ಗಂಜಿ, ಪಾಟೀಲರ ಒಂದು ಕಿವಿ ಬಲಪುಟದಲ್ಲೇ ಉಳಿಯಿತು.

ದೊಡ್ಡಮ್ಮ ಗಂಜಿಯ ಬಟ್ಟಲು ತಂದಿಡುತ್ತಾ ಹೇಳಿದರು: ‘ಈ ಸಲ ತೆಳ್ಳಗೆ ಹಚ್ಚಿ ಅಂದ್ರೆ.’